ಕಣ್ಣು ಮುಚ್ಚಿದರೆ ಧ್ಯಾನ, ತೂಕಡಿಸಿದರೆ ದಂಡ

ಬೆಂಗಳೂರಿನ ಸಿಂಗಸಂದ್ರದಲ್ಲಿ ಮನಶ್ಶಾಂತಿಗೆ ಬರವಿಲ್ಲ. ಅಪಾರ್ಟ್‌ಮೆಂಟಿನ ಹೆಸರಿನಲ್ಲಿದೆ, ಸ್ಪಾದ ಬೋರ್ಡಿನಲ್ಲಿದೆ, ಮೊಬೈಲಿನ ಧ್ಯಾನದ ಆ್ಯಪಿನಲ್ಲೂ ಇದೆ. ಇಲ್ಲದಿರುವುದು ಹೊಸೂರು ರಸ್ತೆಯಲ್ಲಿ ಬಸ್ಸಿಗೆ ನಿಂತವರ ಮುಖದಲ್ಲಿ ಮಾತ್ರ.

ಸಮಯ ಉಳಿಯುತ್ತದೆ ಎಂದು 2010ರಲ್ಲಿ ತಲೆಯ ಮೇಲೆ ಮೇಲ್ಸೇತುವೆ ತಂದರು. ಟೋಲ್ ಕಟ್ಟಿದೆವು. ಇನ್ನೂ ಉಳಿಯುತ್ತದೆ ಎಂದು 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೋ ಬಿಟ್ಟರು. ಆಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಆದರೂ ಹತ್ತಿದೆವು. ಉಳಿದ ಆ ಸಮಯ ಎಲ್ಲಿ ಹೋಯಿತು? ಮನೆಗಂತೂ ಬರಲಿಲ್ಲ. ಆಫೀಸಿನವರು ದಾರಿಯಲ್ಲೇ ಕಿತ್ತುಕೊಂಡರು.

2023ರಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಲಿ ಎಂದರು. 2025ರ ಹೊತ್ತಿಗೆ ಎಲ್ ಆ್ಯಂಡ್ ಟಿ ಅಧ್ಯಕ್ಷ ಸುಬ್ರಹ್ಮಣ್ಯನ್ ಅದನ್ನು 90ಕ್ಕೆ ಏರಿಸಿದರು. ಮನೆಯಲ್ಲಿ ಕೂತು ಹೆಂಡತಿಯ ಮುಖ ಎಷ್ಟು ಹೊತ್ತು ನೋಡುತ್ತೀರಿ ಎಂದೂ ಕೇಳಿದರು.

ಲೆಕ್ಕ ಹಾಕೋಣ. ವಾರಕ್ಕಿರುವುದೇ 168 ಗಂಟೆ. ಕೆಲಸಕ್ಕೆ 90, ನಿದ್ದೆಗೆ 56. ಉಳಿದದ್ದು 22. ದಿನಕ್ಕೆ ಮೂರು ಗಂಟೆ ಚಿಲ್ಲರೆ. ಸ್ನಾನ, ಊಟ, ಸಿಲ್ಕ್ ಬೋರ್ಡ್ ಟ್ರಾಫಿಕ್ ಎಲ್ಲ ಅದರಲ್ಲೇ. ಹೆಂಡತಿಯ ಮುಖ ನೋಡುವ ಚಿಂತೆ ಬೇಡ ಸಾರ್, ಗುರುತು ಸಿಕ್ಕರೆ ಸಾಕು.

ರಾಜ್ಯ ಸರ್ಕಾರವೇನು ಕಡಿಮೆಯೇ? 2025ರ ಜೂನಿನಲ್ಲಿ ಹೊಸ ಪ್ರಸ್ತಾವ ಹೊರಟಿತು: ಓವರ್‌ಟೈಮ್ ಸೇರಿ ದಿನಕ್ಕೆ 12 ಗಂಟೆ. ಮೂರು ತಿಂಗಳ ಓವರ್‌ಟೈಮ್ ಮಿತಿ 50ರಿಂದ 144 ಗಂಟೆಗೆ. ಐಟಿ ನೌಕರರ ಸಂಘ ಬೀದಿಗಿಳಿಯಿತು. ಅದೇ ಜೂನ್ 21ರಂದು ಯೋಗ ದಿನ. ದೀರ್ಘವಾಗಿ ಉಸಿರೆಳೆದುಕೊಳ್ಳಿ ಎಂದರು. ಬಿಡುವುದು ಯಾವಾಗ ಎಂದು ಹೇಳಲಿಲ್ಲ.

ಪಕ್ಕದ ಮನೆಯ ಹುಡುಗನ ಕಂಪನಿಯಲ್ಲಿ ಒತ್ತಡ ನಿವಾರಣಾ ತರಗತಿ ಇದೆಯಂತೆ. ಶುಕ್ರವಾರ ರಾತ್ರಿ ಎಂಟಕ್ಕೆ. ಹಾಜರಾತಿ ಕಡ್ಡಾಯ.

ಇವರನ್ನೆಲ್ಲ ಬಯ್ಯುವುದು ಸುಲಭ. ಈಗ ನಮ್ಮ ಗೇಟಿಗೆ ಬನ್ನಿ.

ಅಲ್ಲೊಬ್ಬ ಸೆಕ್ಯೂರಿಟಿ. ಪ್ಲಾಸ್ಟಿಕ್ ಕುರ್ಚಿ. 12 ಗಂಟೆ ಪಾಳಿ. ಬದಲಿಯವನು ಬರದಿದ್ದರೆ 24. ಮೊನ್ನೆ ಬೆಳಗಿನ ಜಾವ ತೂಕಡಿಸಿದ. ಒಬ್ಬರು ಫೋಟೋ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು. ದಿನದ ಸಂಬಳ ಕಡಿತ. ಫೋಟೋ ತೆಗೆದವರು ಹತ್ತು ದಿನದ ಮೌನ ಶಿಬಿರ ಮುಗಿಸಿ ಆಗಷ್ಟೇ ಟ್ಯಾಕ್ಸಿ ಇಳಿದಿದ್ದರು. ಅವರು ಕಣ್ಣು ಮುಚ್ಚಿದ್ದು ಸಾಧನೆ. ಇವನದು ಕರ್ತವ್ಯಲೋಪ.

2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಮನಶ್ಶಾಂತಿಯ ಮಾತೆತ್ತುತ್ತಿರಲಿಲ್ಲ. ಸತತ ಐದು ಗಂಟೆಗಿಂತ ಹೆಚ್ಚು ದುಡಿಸಬೇಡಿ, ನಡುವೆ ಅರ್ಧ ಗಂಟೆಯಾದರೂ ಬಿಡುವು ಕೊಡಿ, ವಾರಕ್ಕೊಂದು ರಜೆ ಕೊಡಿ ಎನ್ನುತ್ತಿತ್ತು. ಇಷ್ಟೇ. ವಿಶ್ರಾಂತಿ ಎಂದರೆ ಗಂಟೆಯ ಲೆಕ್ಕ. ಆ ಗಂಟೆಯನ್ನು ಕದ್ದವರೇ ಈಗ ಅಗರಬತ್ತಿ ಹಚ್ಚಿ ಶಾಂತಿ ಮಾರುತ್ತಿದ್ದಾರೆ. ನಾವು ಕಂತಿನಲ್ಲಿ ಕೊಳ್ಳುತ್ತಿದ್ದೇವೆ.

ಮುಂದಿನ ಸಲ ಯಾರಾದರೂ ಶಾಂತಿ ಬೋಧಿಸಲು ಬಂದರೆ ಒಂದೇ ಮಾತು ಕೇಳಿ: ಮನೆಗೆ ಎಷ್ಟು ಗಂಟೆಗೆ ಬಿಡ್ತೀರಿ, ಸ್ವಾಮಿ?

ಕೇಳುವ ಮೊದಲು ಗೇಟಿಗೆ ಮೂರನೆಯವನನ್ನು ನೇಮಿಸಿ. ಎಂಟೆಂಟು ಗಂಟೆಯ ಮೂರು ಪಾಳಿ ಮಾಡಿ. ಮೇಂಟೆನೆನ್ಸ್ ಸ್ವಲ್ಪ ಏರುತ್ತದೆ. ಅಷ್ಟೂ ಕೊಡಲಾಗದಿದ್ದರೆ ಯೋಗದ ಚಾಪೆ ಸುತ್ತಿಡಿ.