ಕೂಸು ಹುಟ್ಟುವ ಮುಂಚೆ ಕುಲಾವಿ

ಮಂಗಳೂರಿನಲ್ಲಿ ಡಿಸೆಂಬರ್ 25 ಎಂದರೆ ಕ್ರಿಸ್ಮಸ್ ಮುಗಿಯುವ ದಿನ. ತಿಂಗಳ ಆರಂಭದಲ್ಲಿ ಅಲ್ಲೊಂದು ಇಲ್ಲೊಂದು ಕೂಟವಾಗಿ ಮೊಳೆತದ್ದು, ಹದಿನೈದನೇ ತಾರೀಕು ದಾಟಿತೆಂದರೆ ಸಂಜೆಗೆರಡರಂತೆ ಹಬ್ಬಿಕೊಳ್ಳುತ್ತದೆ. ಆಫೀಸಿನದ್ದು, ವಾರ್ಡಿನದ್ದು, ಫ್ಲ್ಯಾಟಿನದ್ದು, ಹಳೆ ವಿದ್ಯಾರ್ಥಿಗಳದ್ದು, ಗಲ್ಫಿನಿಂದ ಬಂದವರದ್ದು, ಗಲ್ಫಿಗೆ ಹೋಗಲಾಗದೆ ಉಳಿದವರದ್ದು. ಇಸ್ತ್ರಿ ಹಾಕಿದ ಅಂಗಿ ತೊಟ್ಟು ಗೇಟು ದಾಟಿದರೆ ರಿಕ್ಷಾದವನೇ ಕೇಳುತ್ತಾನೆ: "ಎಂತ ಪೊರ್ಬುಗಳೇ, ಇವತ್ತು ಸಹ ಉಂಟಾ?"

ಉಂಟು. ಚರ್ಚಿನ ಪಂಚಾಂಗದಲ್ಲಿ ಮಾತ್ರ ಇಲ್ಲ. ಅದರ ಪ್ರಕಾರ ಇದು ಆಗಮನ ಕಾಲ, ಹಬ್ಬದ ಹಿಂದಿನ ನಾಲ್ಕು ಭಾನುವಾರಗಳನ್ನೊಳಗೊಂಡ ಕಾಯುವ ಕಾಲ. ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರ ಉಡುತ್ತಾರೆ, ವಾರಕ್ಕೊಂದರಂತೆ ಮೇಣದ ಬತ್ತಿ ಹಚ್ಚುತ್ತಾರೆ. ಮದುವೆ ಇಟ್ಟುಕೊಳ್ಳುವ ರೂಢಿಯಿಲ್ಲ. ಭಾನುವಾರದ ಬಲಿಪೂಜೆಯಲ್ಲಿ 'ಗ್ಲೋರಿಯಾ' ಹಾಡುವಂತಿಲ್ಲ. ಅದನ್ನು ಕ್ರಿಸ್ಮಸ್ ರಾತ್ರಿಗೆಂದು ಎತ್ತಿಟ್ಟಿರುತ್ತಾರೆ. ಬೆಳಿಗ್ಗೆ ಹೀಗೆ ಬಾಯಿ ಕಟ್ಟಿಕೊಂಡು ನಿಂತ ಗಾಯನ ತಂಡ ಸಂಜೆ ಮಾಲಿನ ಎಸ್ಕಲೇಟರ್ ಪಕ್ಕ ಕೆಂಪು ಟೊಪ್ಪಿ ಹಾಕಿಕೊಂಡು ಅದೇ ಗ್ಲೋರಿಯಾವನ್ನು ಮೈಕಿನಲ್ಲಿ ಎಳೆದೆಳೆದು ಹಾಡುತ್ತದೆ. ಪೀಠದ ಮುಂದೆ ಹಾಡಿದರೆ ತಪ್ಪು, ಚಪ್ಪಲಿ ಅಂಗಡಿಯ ಮುಂದೆ ಹಾಡಿದರೆ ಒಪ್ಪು.

ನಾವು ಸಂಪ್ರದಾಯ ಕೈಬಿಟ್ಟೆವೆಂದು ಹಳಬರು ಗೊಣಗುವುದು ಮಾತ್ರ ಅನ್ಯಾಯ. 6ನೇ ಶತಮಾನದಲ್ಲಿ ಈಗಿನ ಫ್ರಾನ್ಸಿನ ಮಾಕಾನ್‌ನಲ್ಲಿ ಸಭೆ ಸೇರಿದ ಬಿಷಪರು, ನವೆಂಬರ್ 11ರಿಂದ ಕ್ರಿಸ್ಮಸ್‌ವರೆಗೆ ಸೋಮವಾರ, ಬುಧವಾರ, ಶುಕ್ರವಾರ ಉಪವಾಸ ಮಾಡಬೇಕೆಂದು ಕಟ್ಟಳೆ ಹಾಕಿದ್ದರು. ನಮ್ಮ ಮನೆಗಳಲ್ಲಿ ಈಗಲೂ ವಾರಕ್ಕೆ ಮೂರು ರಾತ್ರಿ ಒಲೆ ಹಚ್ಚುವುದಿಲ್ಲ.

ಗೋದಲಿಯ ಕತೆ ಇನ್ನೂ ಚೆನ್ನಾಗಿದೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಒಂದು ಎತ್ತು, ಒಂದು ಕತ್ತೆ, ಒಂದಿಷ್ಟು ಹುಲ್ಲು ಇಟ್ಟು, ಯೇಸು ಎಂಥ ಬಡತನದಲ್ಲಿ ಹುಟ್ಟಿದನೆಂದು ಊರವರ ಕಣ್ಣಿಗೆ ಕಟ್ಟಿಸಿದರು. ಪ್ರಥಮ ಬಹುಮಾನ ಯಾರಿಗೂ ಕೊಡಲಿಲ್ಲ. ನಮ್ಮಲ್ಲಿ ಸ್ಪರ್ಧೆಯಿದೆ. ಆದ್ದರಿಂದ ಥರ್ಮಾಕೋಲಿನ ಬೆಟ್ಟವಿದೆ, ಪಂಪು ಹಾಕಿದ ಜಲಪಾತವಿದೆ, ಬಣ್ಣ ಬದಲಿಸುವ ಎಲ್‌ಇಡಿ ಇದೆ. ಪ್ರಾಯೋಜಕರು ದುಬೈಯವರಾದ ಕಾರಣ ಬೆತ್ಲೆಹೇಮಿನ ಹಿಂದೆ ಬುರ್ಜ್ ಖಲೀಫಾ ಕೂಡ ಇದೆ. ಬಾಲಯೇಸುವಿನ ಬೊಂಬೆಯನ್ನು 24ರ ರಾತ್ರಿ ಮಲಗಿಸುವುದು ಪದ್ಧತಿ. ತೀರ್ಪುಗಾರರು ಬರುವುದು 22ಕ್ಕೆ. ಹುಲ್ಲು ಖಾಲಿ ಕಂಡರೆ ಅಂಕ ಹೋದೀತೆಂದು ವಾರ್ಡಿನ ಮುಖ್ಯಸ್ಥರಾದ ಗುರ್ಕಾರರಿಗೆ ಹೆದರಿಕೆ. ಹಾಗಾಗಿ ನಮ್ಮ ವಾರ್ಡಿನಲ್ಲಿ ದೇವಪುತ್ರ ಎರಡು ದಿನ ಮೊದಲೇ ಹುಟ್ಟಿ, ಫೋಟೊ ತೆಗೆಸಿಕೊಂಡು, ತೀರ್ಪುಗಾರರು ಚಹಾ ಕುಡಿದು ಹೊರಟ ಮೇಲೆ ಪುನಃ ಕಪಾಟು ಸೇರುತ್ತಾನೆ, ಅಧಿಕೃತವಾಗಿ ಹುಟ್ಟಲು. ಜನವರಿ 6ಕ್ಕೆ ತಲುಪಬೇಕಾದ ಪೂರ್ವದ ಜ್ಞಾನಿಗಳ ಒಂಟೆಗಳಂತೂ ಆಗಲೇ ಬಂದು ಪಾರ್ಕಿಂಗ್ ಹಿಡಿದಾಗಿದೆ.

ಕೂಟಗಳಲ್ಲೆಲ್ಲ ಗಂಭೀರವಾದದ್ದು ಸೌಹಾರ್ದ ಕೂಟ. ಸೌಹಾರ್ದ ಬೇಕು, ನಮ್ಮ ಜಿಲ್ಲೆಗೆ ಒಂದು ಕೈ ಹೆಚ್ಚೇ ಬೇಕು. ಆದರೆ ವೇದಿಕೆಯ ಮೇಲಿನ ಕುರ್ಚಿಗಳು ಕೆಳಗಿನವಕ್ಕಿಂತ ಹೆಚ್ಚಾದಾಗ ಸ್ವಾಗತ, ಶಾಲು, ಸ್ಮರಣಿಕೆ ಮುಗಿಯುವ ಹೊತ್ತಿಗೆ ಬಿರಿಯಾನಿ ತಣ್ಣಗಾಗುತ್ತದೆ. ಮುಖ್ಯ ಅತಿಥಿಗಳು ಒಂದು ಕೂಟದಿಂದ ಬಂದವರು, ಇನ್ನೊಂದಕ್ಕೆ ಹೊರಟವರು. ಬೆರಳ ತುದಿಯಲ್ಲಿ ಹಿಂದಿನ ಕೇಕಿನ ಕ್ರೀಮು ಆರಿರುವುದಿಲ್ಲ. ಪ್ರೀತಿಯಿಂದ ಬಾಳಬೇಕೆಂದು ಅವರು ಕರೆಕೊಡುತ್ತಾರೆ. ಕೇಳುತ್ತ ಕುಳಿತವರೆಲ್ಲ ಮೊದಲಿನಿಂದಲೂ ಪ್ರೀತಿಯಿಂದಲೇ ಬಾಳುತ್ತಿರುವವರು. ಉಳಿದವರಿಗೆ ಆಮಂತ್ರಣ ಹೋಗಿಲ್ಲ.

ಮೈರಾದ ಬಿಷಪ್ ನಿಕೋಲಸ್, ಬಡವನೊಬ್ಬನ ಮೂವರು ಹೆಣ್ಣುಮಕ್ಕಳ ಮದುವೆಗೆಂದು ರಾತ್ರಿ ಕದ್ದು ಬಂದು ಹೊನ್ನಿನ ಗಂಟು ಎಸೆದು ಹೋದನೆಂಬ ಐತಿಹ್ಯವಿದೆ. ಅವನೇ ಮುಂದೆ ಸಾಂತಾ ಕ್ಲಾಸ್ ಆದ. ಆಫೀಸುಗಳಲ್ಲಿ ಅವನ ಹೆಸರಿನಲ್ಲಿ ಸೀಕ್ರೆಟ್ ಸಾಂತಾ ನಡೆಯುತ್ತದೆ, 500 ರೂಪಾಯಿಯ ಮಿತಿಯೊಳಗೆ. ಯಾರಿಗೆ ಯಾರು ಕೊಟ್ಟರೆಂದು ಮೊದಲ ದಿನವೇ ಎಲ್ಲರಿಗೂ ಗೊತ್ತಿರುತ್ತದೆ. ಗುಟ್ಟಾಗಿ ಉಳಿಯುವುದು ಒಂದೇ: ಆ ಕಾಫಿ ಮಗ್ಗು ಹೋದ ವರ್ಷ ಯಾರಿಗೆ ಬಂದಿತ್ತು ಎಂಬುದು.

ಇನ್ನು ಕುಸ್ವಾರ್ ಎಂಬ ಹಬ್ಬದ ತಿಂಡಿ. ಹಬ್ಬದ ಹಿಂದಿನ ರಾತ್ರಿಗಳಲ್ಲಿ ಮನೆಮಂದಿಯೆಲ್ಲ ಚಾಪೆಯ ಮೇಲೆ ಕುಳಿತು ನೆವ್ರಿಗೆ ಹೂರಣ ತುಂಬಿ, ಕಿಡಿಯೊಗಳನ್ನು ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತುತ್ತಿದ್ದ ಕಾಲವೊಂದಿತ್ತು. ಈಗ ಕೌಟುಂಬಿಕ ಮೌಲ್ಯಗಳ ಕುರಿತ ಭಾಷಣ ಕೇಳಲು ಎಲ್ಲರೂ ಬೇರೆ ಬೇರೆ ಸಭಾಂಗಣಗಳಿಗೆ ಹೋಗಿರುವುದರಿಂದ ಮನೆಯಲ್ಲಿ ಕಿಡಿಯೊ ಸುತ್ತಲು ಜನವಿಲ್ಲ. ಬೇಕರಿಯಿಂದ ಡಬ್ಬ ಬರುತ್ತದೆ. ಆಚೆಮನೆಗೆ ಒಂದು ಕೊಟ್ಟರೆ, ಅವರ ಕಡೆಯಿಂದ ಅದೇ ಬೇಕರಿಯ ಅಂಥದೇ ಡಬ್ಬ ವಾಪಸು ಬರುತ್ತದೆ. ಬಾಂಧವ್ಯಕ್ಕೆ ಕುಂದಿಲ್ಲ.

ಅಂತೂ 24ರ ರಾತ್ರಿ ಬಂತು. ಗುರುಗಳು ಬಿಳಿ ವಸ್ತ್ರ ತೊಟ್ಟು, ತಿಂಗಳಿಂದ ಕಾದಿಟ್ಟ ಗ್ಲೋರಿಯಾ ಎತ್ತಿಕೊಂಡರು. ಮಾಲು, ಕ್ಲಬ್ಬು, ಫ್ಲ್ಯಾಟುಗಳನ್ನೆಲ್ಲ ಮುಗಿಸಿ ಬಂದ ಗಾಯನ ತಂಡಕ್ಕೆ ಗಂಟಲೇ ಇರಲಿಲ್ಲ. ಚರ್ಚಿನ ಲೆಕ್ಕದಲ್ಲಿ ಹಬ್ಬ ಆಗಷ್ಟೇ ಶುರು, ಜನವರಿಯವರೆಗೂ ನಡೆಯುವಂಥದ್ದು. ನಮ್ಮ ಲೆಕ್ಕದಲ್ಲಿ ಉಳಿದದ್ದು ಜೆಲುಸಿಲ್.

25ರ ಮಧ್ಯಾಹ್ನ ತಟ್ಟೆಗೆ ಬಿದ್ದದ್ದು ಕುಚ್ಚಲಕ್ಕಿ ಗಂಜಿ, ಮಾವಿನ ಉಪ್ಪಿನಕಾಯಿ. ಮಾಕಾನಿನ ಬಿಷಪರು ಕಂಡಿದ್ದರೆ ಮೆಚ್ಚುತ್ತಿದ್ದರು, ತಾರೀಕು ಕೇಳದಿದ್ದರೆ.

"ಹಬ್ಬದ ದಿನ ಇಷ್ಟೇನಾ?"

"ಇವತ್ತಿಗೆ ಇಷ್ಟು ಸಾಕು ಮಾರಾಯ್ರೆ" ಎಂದಳು ಹೆಂಡತಿ. "ನಾಡಿದ್ದು ರೋಸ್ ಶಾಸ್ತ್ರ, ಅದರ ಮರುದಿನ ಮದುವೆ, ಮೂವತ್ತೊಂದಕ್ಕೆ ಕ್ಲಬ್ಬು. ಹೊಟ್ಟೆ ಸ್ವಲ್ಪ ಖಾಲಿ ಇಟ್ಟುಕೊಳ್ಳಿ."