ಆಯಿಲ್‌ದೀಪ ಮೀಮಾಂಸೆ: ಗುಡೇಮಾರನಹಳ್ಳಿ ಪಾಠ

ಲೋಕದ ದೀಪಗಳೆಲ್ಲ ಹೊತ್ತಿದರೆ ಶುಭ. ಕಾರಿನ ಆಯಿಲ್ ದೀಪ ಮಾತ್ರ ಆರಿದರೆ ಶುಭ. ಈ ವೈಲಕ್ಷಣ್ಯವನ್ನು ಗೌತಮರು ನ್ಯಾಯಸೂತ್ರದಲ್ಲಿ ಚರ್ಚಿಸದಿರಲು ಕಾರಣ ಸ್ಪಷ್ಟ: ಮೊದಲ ಮಾರುತಿ 800 ಹೊರಬಂದದ್ದು 1983ರ ಡಿಸೆಂಬರಿನಲ್ಲಿ. ಆ ಕೊರತೆಯನ್ನು ತುಂಬಿರುವುದು ಹೆದ್ದಾರಿಯಿಂದ ಮಾಗಡಿಗೆ ತಿರುಗುವ ಗುಡೇಮಾರನಹಳ್ಳಿ ಹ್ಯಾಂಡ್ ಪೋಸ್ಟು. ಅಲ್ಲಿ ಬಾನೆಟ್ ಎತ್ತಿದರೆ ಸಾಕು, ಟೀ ಲೋಟ ಹಿಡಿದ ವಿದ್ವತ್ಸಭೆ ತಾನಾಗಿ ಸೇರುತ್ತದೆ.

ಪೂರ್ವಪಕ್ಷ: ಹೊಗೆಯಿದ್ದಲ್ಲಿ ಬೆಂಕಿ, ಕೆಂಪುದೀಪವಿದ್ದಲ್ಲಿ ಒತ್ತಡಾಭಾವ. “ಆಫ್ ಮಾಡಿ ಸಾ, ಸೀಜ್ ಆಗೋಯ್ತದೆ!” ಎಂಬುದು ಇದರ ಸೂತ್ರರೂಪ.

ಉತ್ತರಪಕ್ಷ: ಆಫ್ ಮಾಡುವುದು ಸರಿ, ಆದರೆ ಹೇತು ವ್ಯಭಿಚಾರಿ. ದೀಪ ಹೊತ್ತಿಸುವ ಆಯಿಲ್ ಒತ್ತಡದ ಸ್ವಿಚ್ಚಿನೊಳಗೆ ಇರುವುದು ಒಂದು ಪೊರೆ, ಒಂದು ಸ್ಪ್ರಿಂಗು. ಹೊರಗೆ ಒಂದೇ ವೈರು. ಆಯಿಲ್ ಒತ್ತದಿದ್ದಾಗ ಅದು ಅರ್ಥ್ ಮುಟ್ಟಿ ದೀಪ ಹೊತ್ತುತ್ತದೆ, ಒತ್ತಿದಾಗ ಬಿಡುತ್ತದೆ. ಒಳಗೇ ಅಂಟಿಕೊಂಡರೆ ಸಾಕ್ಷಿಯೇ ಸುಳ್ಳು. ಆದ್ದರಿಂದ ಮೊದಲು ಡಿಪ್‌ಸ್ಟಿಕ್ಕಿನ ಪ್ರತ್ಯಕ್ಷ, ಆಮೇಲೆ ಶಬ್ದಪ್ರಮಾಣ: ಟ್ಯಾಪೆಟ್ ಟಕಟಕ ಎಂದರೆ ದೀಪವನ್ನು ಅನುಮಾನಿಸಬಾರದು. ವೈರು ಬಿಚ್ಚಿದರೂ ದೀಪ ಆರದಿದ್ದರೆ ವೈರೇ ಎಲ್ಲೋ ಬಾಡಿಗೆ ತಾಗಿದೆ. ಆರಿದರೆ, ಸ್ವಿಚ್ಚಿನ ತೂತಿಗೆ ಗೇಜ್ ಕೂರಿಸಿ ನೋಡುವವರೆಗೆ ನಿರ್ಣಯವಿಲ್ಲ. ಗೇಜಿನ ಮಾತೆತ್ತಿದೊಡನೆ ಅರ್ಧ ಸಭೆ ಬಸ್ಸು ಹಿಡಿಯುತ್ತದೆ.

ಆರಿದ ದೀಪದ ವಿಚಾರ ಇನ್ನೂ ಗಹನ. ಸುಮಾರು 0.3 ಕೆ.ಜಿ. ಒತ್ತಡಕ್ಕೇ ಸ್ವಿಚ್ಚು ತೃಪ್ತ; ರಸ್ತೆಯ ವೇಗದಲ್ಲಿ ಎಂಜಿನ್ನಿಗೆ ಬೇಕಾದದ್ದು 3 ಕೆ.ಜಿ. ಆಸುಪಾಸು. ದೀಪ ಆರಿತೆಂದರೆ ಎಂಜಿನ್ ಪಾಸಾಯಿತು ಎಂದಷ್ಟೇ, ರ‍್ಯಾಂಕು ಬಂತೆಂದಲ್ಲ. ವೈರು ಕಿತ್ತು ಟೇಪು ಸುತ್ತಿಬಿಡುವ ದೀಪನಿರ್ವಾಣ ಪಂಥವೂ ಒಂದುಂಟು; ಸೆಕೆಂಡ್ ಹ್ಯಾಂಡ್ ಕಾರು ಮಾರುವವರಲ್ಲಿ ಅದಕ್ಕೆ ಅನುಯಾಯಿಗಳು. ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿದಾಗ ದೀಪ ಬರದಿದ್ದರೆ ಆ ಕಾರು ಇವರ ಕೈ ದಾಟಿ ಬಂದಿರಬಹುದು.

ಸ್ವಿಚ್ಚು ಬದಲಿಸುವ ಪ್ರಯೋಗವಿಧಿ ಚಿಕ್ಕದು. ಎಂಜಿನ್ ತಣಿಯಲಿ, ಸುತ್ತಲಿನ ಮಣ್ಣು ಒರೆಸಿ ಹಳೆಯದನ್ನು ಬಿಚ್ಚುವುದು, ಹೊಸದನ್ನು ಕೈಯಲ್ಲೇ ಥ್ರೆಡ್ ಹಿಡಿಸಿ ಹದವಾಗಿ ಬಿಗಿಯುವುದು. ಟೆಫ್ಲಾನ್ ಟೇಪನ್ನು ಭಕ್ತಿಯಿಂದ ಸುತ್ತಿದರೆ ಅರ್ಥ್ ಕೆಟ್ಟು ಅನರ್ಥವಾದೀತು. ಅಲ್ಯೂಮಿನಿಯಂ ಮೇಲೆ ಪೈಲ್ವಾನಗಿರಿ ಸಲ್ಲದು.

ಹೊಸ ಸ್ವಿಚ್ಚಿಗೂ ದೀಪ ಆರದಿದ್ದರೆ ಸಭೆ ಆಯಿಲ್ ಪಂಪು, ಬೇರಿಂಗು ಎಂಬ ಉತ್ತರಕಾಂಡಕ್ಕೆ ಹೊರಳುತ್ತದೆ. ಆ ಕಾಂಡದ ಖರ್ಚು ಕಿವಿಗೆ ಬಿದ್ದೊಡನೆ ಯಜಮಾನರು ಜೇಬು ಮುಟ್ಟಿಕೊಂಡು ಸಿದ್ಧಾಂತ ಮಂಡಿಸುತ್ತಾರೆ: “ಇದೂ ಡೂಪ್ಲಿಕೇಟ್ ಸ್ವಿಚ್ಚೇ ಇರ್ಬೇಕು. ಇನ್ನೊಂದು ತರ್ಸು.”