ಫುಲ್ ಖಾಲಿ

ಇಂಗ್ಲಿಷಿನಿಂದ ಬಂದ ಬಸ್ಸು, ಕಾರು, ಆಫೀಸು ಮೊದಲಾದ ನಾಮಪದಗಳು ಕೊನೆಗೊಂದು ಉಕಾರ ತೊಟ್ಟು ಕನ್ನಡದಲ್ಲಿ ಮನೆಯವರಂತೆಯೇ ಓಡಾಡುತ್ತಿವೆ. ಆದರೆ ಅವುಗಳ ಬೆನ್ನಿಗೇ ನುಸುಳಿ ಬಂದ ಗುಣವಾಚಕಗಳನ್ನು, ಅಂದರೆ ವಸ್ತುವಿನ ಗುಣ, ಗಾತ್ರ, ಸ್ಥಿತಿಗಳನ್ನು ಹೇಳುವ ಪದಗಳನ್ನು, ಯಾರೂ ಅಷ್ಟಾಗಿ ವಿಚಾರಿಸಿಕೊಂಡಂತಿಲ್ಲ. ಇವುಗಳಲ್ಲಿ ಅತಿ ಹೆಚ್ಚು ದುಡಿಯುವ ಪದ ‘ಫುಲ್’. ಬೆಂಗಳೂರಿನ ಉತ್ತರಭಾಗದಲ್ಲಿ, ಯಶವಂತಪುರದಿಂದ ಯಲಹಂಕದವರೆಗೆ, ಬೆಳಗಿನ ಕಾಫಿಯಿಂದ ರಾತ್ರಿಯ ಕೊನೆಯ ಬಸ್ಸಿನ ತನಕ ಈ ಪದ ಹೊರುವ ಹೊರೆಯನ್ನು ಗಮನಿಸಿದವರಿಗೆ, ಇದನ್ನು ಸರಿಯಾಗಿ ಬಳಸುವ ಬಗೆ ಯಾವ ಇಂಗ್ಲಿಷ್ ವ್ಯಾಕರಣದಲ್ಲೂ ಸಿಗುವುದಿಲ್ಲವೆಂಬುದು ಬಲುಬೇಗ ತಿಳಿಯುತ್ತದೆ.

ಮೂಲದಲ್ಲಿ ಇದರ ಅರ್ಥ ‘ತುಂಬಿದ’ ಎಂದು. ಆ ಅರ್ಥ ಇನ್ನೂ ಕೆಡದೆ ಉಳಿದಿರುವುದು ಪೆಟ್ರೋಲ್ ಬಂಕಿನಲ್ಲಿ ಮತ್ತು ಮನೆಯ ತಾರಸಿಯ ಮೇಲೆ. ‘ಟ್ಯಾಂಕ್ ಫುಲ್ಲಾಯ್ತು, ಮೋಟರ್ ಆಫ್ ಮಾಡ್ರೀ’ ಎಂದು ಪಕ್ಕದ ಮನೆಯವರು ಕೂಗುವಾಗ ನಿಜಕ್ಕೂ ಏನೋ ಒಂದು ತುಂಬಿ ಹರಿಯುತ್ತಿರುತ್ತದೆ. ಉಳಿದೆಡೆಯಲ್ಲಿ ತುಂಬುವ ಮಾತೇ ಇಲ್ಲ. ಫುಲ್ ತೋಳಿನ ಅಂಗಿಯೊಳಗೆ ತೋಳು ಎಷ್ಟೇ ಸಣಕಲಾಗಿದ್ದರೂ ಅದು ಫುಲ್ಲೇ, ಆರ್.ಟಿ. ನಗರದ ಫುಲ್ ಫಾರ್ಮ್ ರವೀಂದ್ರನಾಥ ಟ್ಯಾಗೋರ್ ನಗರವೆಂಬುದು ಅಲ್ಲಿ ಮೂವತ್ತು ವರ್ಷ ಬಾಡಿಗೆ ಕಟ್ಟಿದವರಿಗೂ ಥಟ್ಟನೆ ನೆನಪಾಗದಿದ್ದರೂ ಅದೂ ಫುಲ್ಲೇ. ಇಲ್ಲಿ ಫುಲ್ ಎಂದರೆ ‘ಹಾಫ್ ಅಲ್ಲದ್ದು’ ಎಂದಷ್ಟೇ ಅರ್ಥ. ಇದನ್ನು ವ್ಯಾವಹಾರಿಕ ಫುಲ್ ಎಂದು ಕರೆಯಬಹುದು. ಏಕೆಂದರೆ ಇದರ ಅಳತೆಯನ್ನು ನಿರ್ಧರಿಸುವುದು ಪಾತ್ರೆಯಲ್ಲ, ಗಲ್ಲಾಪೆಟ್ಟಿಗೆ.

ವ್ಯಾವಹಾರಿಕ ಫುಲ್ಲಿನ ತರ್ಕ ಸುಲಭದ್ದಲ್ಲ. ಯಶವಂತಪುರದ ರೈಲು ನಿಲ್ದಾಣದಲ್ಲಿ ಮುಂಗಡ ಟಿಕೆಟ್ ಕೊಳ್ಳುವವರ ಜೊತೆಗಿರುವ, ಐದು ತುಂಬಿ ಹನ್ನೆರಡು ತುಂಬದ ಮಗು, 2016ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ನಿಯಮದಂತೆ, ತನಗೇ ಒಂದು ಬರ್ತ್ ಬೇಕೆಂದರೆ ಫುಲ್ ಆಗುತ್ತದೆ, ದೊಡ್ಡವರ ಜೊತೆಗೇ ಒತ್ತಿಕೊಂಡು ಬರುವುದಾದರೆ ಹಾಫ್ ಆಗಿಯೇ ಉಳಿಯುತ್ತದೆ. ಅಂದರೆ ಮಗು ಬೆಳೆಯುವುದು ವಯಸ್ಸಿನಿಂದಲ್ಲ, ಕಾಲು ಚಾಚುವುದರಿಂದ. ಮದ್ಯದಂಗಡಿಯ ಲೆಕ್ಕ ಇದಕ್ಕಿಂತಲೂ ಸೂಕ್ಷ್ಮ. ಅಲ್ಲಿ ಫುಲ್ ಎಂದರೆ 750 ಮಿಲಿಲೀಟರ್, ಹಾಫ್ ಎಂದರೆ 375. ಇಲ್ಲಿಯವರೆಗೆ ಗಣಿತಕ್ಕೆ ತೊಂದರೆಯಿಲ್ಲ. ಆದರೆ ಕ್ವಾರ್ಟರ್ ಎಂದರೆ 180 ಆದ್ದರಿಂದ ನಾಲ್ಕು ಕ್ವಾರ್ಟರ್ ಕೂಡಿದರೂ ಒಂದು ಫುಲ್ಲಿಗೆ 30 ಮಿಲಿಲೀಟರ್ ಕಡಿಮೆಬೀಳುತ್ತದೆ. ಈ ಕೊರತೆಯನ್ನು ಯಾರೂ ಎತ್ತಿ ಆಡದಿರುವುದಕ್ಕೆ ಕಾರಣ, ನಾಲ್ಕನೆಯ ಕ್ವಾರ್ಟರ್ ಮುಗಿಸಿದವರು ಕೂಡುವ ಲೆಕ್ಕ ಮಾಡುವ ಸ್ಥಿತಿಯಲ್ಲಿರುವುದಿಲ್ಲವೆಂಬುದೇ ಇರಬೇಕು. ಆ ಹೊತ್ತಿಗೆ ಅವರೇ ‘ಫುಲ್’ ಆಗಿರುತ್ತಾರೆ. ಹೋಟೆಲಿನ ಫುಲ್ ಮೀಲ್ಸ್ ಮಾತ್ರ ಉದಾರವಾದದ್ದು: ಉಣ್ಣುವವರು ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯುವವರೆಗೂ ಅದು ಫುಲ್ ಆಗುವುದೇ ಇಲ್ಲ.

ಇನ್ನು ಮೂರನೆಯ ಬಗೆ. ಇದರಲ್ಲಿ ಫುಲ್ ಗುಣವಾಚಕದ ಕೆಲಸ ಬಿಟ್ಟು ಅತಿಶಯಸೂಚಕವಾಗುತ್ತದೆ. ಅಂದರೆ ಪಕ್ಕದ ಪದದ ತೀವ್ರತೆಯನ್ನು ಏರಿಸುವುದೇ ಅದರ ಉದ್ಯೋಗ. ಫುಲ್ ಖುಷಿ, ಫುಲ್ ಬೇಜಾರು, ಫುಲ್ ಸೈಲೆಂಟ್. 2003ರಲ್ಲಿ ಹೆಬ್ಬಾಳದ ಮೇಲ್ಸೇತುವೆ ತೆರೆದಾಗ ಇನ್ನು ನಿರಾಳವೆಂದುಕೊಂಡ ಬಳ್ಳಾರಿ ರಸ್ತೆ, 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಿಂದ ವಿಮಾನಗಳು ಹಾರತೊಡಗಿದ ಮೇಲೆ ‘ಫುಲ್ ಜಾಮ್’ ಎಂಬ ಜೋಡಿಪದಕ್ಕೆ ತವರಾಯಿತು. ಸಂಜೆ ಆರೂವರೆಗೆ ಅಲ್ಲಿನ ನಿಲ್ದಾಣಕ್ಕೆ ಬರುವ ನಗರ ಸಾರಿಗೆ ಬಸ್ಸಿನ ನಿರ್ವಾಹಕರು ಈ ಪದದ ಎರಡು ತುದಿಗಳನ್ನೂ ಒಂದೇ ಉಸಿರಿನಲ್ಲಿ ಮುಟ್ಟುತ್ತಾರೆ. ಮೆಟ್ಟಿಲ ಮೇಲೆ ಕಾಲಿಟ್ಟವರಿಗೆ ಅವರು ಹೇಳುವುದು ‘ಫುಲ್ಲಾಗಿದೆ, ಹಿಂದಿನ ಗಾಡಿಗೆ ಬನ್ನಿ’ ಎಂದು. ಅದೇ ಕ್ಷಣ ಕತ್ತು ತಿರುಗಿಸಿ ಒಳಗಿನವರಿಗೆ ಹೇಳುವುದು ‘ಮಧ್ಯ ಫುಲ್ ಖಾಲಿ ಇದೆ, ಒಳಗಡೆ ಹೋಗ್ರೀ’ ಎಂದು. ಹೆಗಲಚೀಲವನ್ನು ಎದೆಗೆ ಅವಚಿಕೊಂಡು ಒಂಟಿ ಕಾಲಿನಲ್ಲಿ ನಿಂತವರೂ ಇದನ್ನು ಅಪಾರ್ಥ ಮಾಡಿಕೊಳ್ಳುವುದಿಲ್ಲ. ಒಂದೆರಡು ಅಂಗುಲ ಸರಿಯುತ್ತಾರೆ.

ಸ್ಥಾನದ ನಿಯಮವೂ ಉಂಟು. ನಾಮಪದದ ಹಿಂದೆ ಬಂದರೆ ‘ಫುಲ್ ಮೀಲ್ಸ್’ ಎಂದು ಬೋಳಾಗಿಯೇ ಇರುವ ಈ ಪದ, ವಾಕ್ಯದ ಕೊನೆಗೆ ಹೋದರೆ ‘ಬಸ್ಸು ಫುಲ್ಲು’ ಎಂದು ಉಕಾರ ತೊಡುತ್ತದೆ. ನಾಮಪದದ ಮುಂದೆ ನಿಂತರಂತೂ ‘ರೋಡ್ ಫುಲ್ ನೀರು’, ‘ಮೈ ಫುಲ್ ನೋವು’ ಎಂದು ಕನ್ನಡದ ‘ತುಂಬ’ ಕೂರುತ್ತಿದ್ದ ಜಾಗದಲ್ಲೇ ಕೂರುತ್ತದೆ. ಹಾಗೆಂದು ಎಲ್ಲ ಜಾಗವೂ ಇದಕ್ಕೆ ಸಿಕ್ಕಿಲ್ಲ. ತುಂಬು ಗರ್ಭಿಣಿಯನ್ನು ಫುಲ್ ಗರ್ಭಿಣಿ ಎಂದವರನ್ನು ಯಲಹಂಕದ ಯಾವ ಅಜ್ಜಿಯೂ ಸುಮ್ಮನೆ ಬಿಡಲಾರಳು. ಕೆರೆ ಕೋಡಿ ಬೀಳುತ್ತದೆ. ಕನ್ನಂಬಾಡಿ ಕಟ್ಟೆಯ ಮಟ್ಟ 124.80 ಅಡಿ ಮುಟ್ಟಿದ ದಿನ ಪತ್ರಿಕೆಗಳು ‘ಭರ್ತಿ’ ಎಂದೇ ಅಚ್ಚುಹಾಕುತ್ತವೆ. ಬಾಗಿನ ಪಡೆಯುವ ನೀರಿಗೆ ಬಂಕಿನ ಭಾಷೆ ಒಗ್ಗುವುದಿಲ್ಲ.

‘ಫುಲ್ ಖಾಲಿ’ ಎಂಬ ಮಾತು ಕೇಳಿದಾಗಲೆಲ್ಲ ಭಾಷೆ ಕೆಟ್ಟಿತೆಂದು ಹುಬ್ಬು ಗಂಟಿಕ್ಕುವವರಿದ್ದಾರೆ. ಆದರೆ ‘ತುಂಬು’ ಎಂಬ ಕ್ರಿಯಾಪದದಿಂದ ಹುಟ್ಟಿದ ‘ತುಂಬ’ ಎಂದೋ ತನ್ನ ಕೊಡವನ್ನು ಕೆಳಗಿಟ್ಟು ‘ಬಹಳ’ ಎಂಬ ಅರ್ಥಕ್ಕೆ ಹೊರಳಿಕೊಂಡಿದೆ. ಆದ್ದರಿಂದಲೇ ಈ ವರ್ಷ ಮಳೆ ತುಂಬ ಕಡಿಮೆ ಎಂದು ಪಂಡಿತರೂ ಹೇಳುತ್ತಾರೆ, ಕೇಳಿದವರಾರೂ ನಗುವುದಿಲ್ಲ. ಫುಲ್ ಅದೇ ದಾರಿಯನ್ನು ಸ್ವಲ್ಪ ತಡವಾಗಿ ಹಿಡಿದಿದೆ, ಅಷ್ಟೆ. ಹೆಬ್ಬಾಳದ ನಿರ್ವಾಹಕರನ್ನು ತಿದ್ದಬೇಕೆಂದಿರುವ ಮಹನೀಯರು ದಯವಿಟ್ಟು ಮೊದಲು ‘ತುಂಬ ಕಡಿಮೆ’ಯನ್ನು ತಿದ್ದಿಕೊಂಡು ಬರಬೇಕು, ಅಲ್ಲಿಯವರೆಗೆ ಒಳಗಡೆ ಹೋಗಿ ನಿಲ್ಲಬೇಕು.